ಎಲ್ಮಾಸ್ ಮುಟ್ಟದ ನಾಯಿಗಳು

ಎಲ್ಮಾಸಳ ಕೈಯಲ್ಲಿ ಬೆಳೆದ, ಕುರಿ ಕಾಯುವ ಕಾಂಗಲ್ ನಾಯಿಗಳು ನಲವತ್ತಕ್ಕೆ ಕಡಿಮೆಯಿಲ್ಲ. ಕೈಯಲ್ಲಿ ಬೆಳೆದವು ಎನ್ನುವುದು ಮಾತಿಗಷ್ಟೇ. ಮೂವತ್ತು ವರ್ಷದಲ್ಲಿ ಆ ಕೈ ಒಂದು ಮರಿಯ ತಲೆಯನ್ನೂ ಸವರಿದ್ದಿಲ್ಲ. ಕಣ್ಣು ಬಿಟ್ಟ ಮರಿಗಳನ್ನು ತಾಯಿಯ ಸಮೇತ ಕುರಿದೊಡ್ಡಿಗೆ ಬಿಡುತ್ತಾಳೆ. ಬಾರ್ಲಿ ಹಿಟ್ಟನ್ನು ಮಜ್ಜಿಗೆಯ ತಿಳಿಯಲ್ಲಿ ಬೇಯಿಸಿ, ಆರಿಸಿ, ಕಲ್ಲುಬಾನಿಗೆ ಸುರಿಯುತ್ತಾಳೆ. ಸುರಿದವಳು ಅಲ್ಲಿ ನಿಲ್ಲುವುದಿಲ್ಲ. ನಾಯಿಮರಿ ಕುರಿಗಳ ಬಿಸಿಯುಸಿರಿನಲ್ಲೇ ಮಲಗಿ, ಅವೇ ತನ್ನ ಬಂಧುಬಳಗ ಎಂದುಕೊಂಡು ಬೆಳೆಯಬೇಕು. ಮನುಷ್ಯರ ಮುದ್ದಿನ ರುಚಿ ಹತ್ತಿದ ನಾಯಿಗೆ ಕುರಿಯ ನಂಟು ಕಡಿದುಹೋಗುತ್ತದೆ, ತೋಳಕ್ಕೆ ಅಷ್ಟೇ ಬೇಕಾಗಿರುವುದು.

ಈ ಪಾಠವನ್ನು ಅವಳಿಗೆ ಯಾರೂ ಬಾಯಲ್ಲಿ ಹೇಳಿಕೊಟ್ಟದ್ದಲ್ಲ. ಸಿವಾಸ್ ಸೀಮೆಯ ಬೋಳುಗುಡ್ಡಗಳ ನಡುವಿನ ಈ ಊರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು ವರ್ಷ. ತವರು ದೂರ, ಗಂಡ ಇಸ್ಮೆತ್ ಕುರಿಗಳ ಹಿಂದೆ, ಅತ್ತೆ ಮಾತು ಕಡಿಮೆಯ ಹೆಂಗಸು. ಕರಿಮೂತಿಯ ಒಂದು ಮರಿಯನ್ನು ಯಾರಿಗೂ ಕಾಣದಂತೆ ಶಾಲಿನೊಳಗೆ ಎತ್ತಿ ತಂದು, ಹಾಲಲ್ಲಿ ನೆನೆಸಿದ ರೊಟ್ಟಿ ತಿನ್ನಿಸಿ, ಪಾಮುಕ್ ಎಂದು ಹೆಸರಿಟ್ಟು, ತನ್ನ ದುಃಖವನ್ನೆಲ್ಲ ಅದರ ಕಿವಿಯಲ್ಲಿ ಹೇಳಿಕೊಂಡಳು. ಮರುವರ್ಷ ಬೇಸಿಗೆಯಲ್ಲಿ ಹಿಂಡು ಮೇಲಿನ ಹುಲ್ಲುಗಾವಲಿಗೆ ಹೋಯಿತು, ಪಾಮುಕ್ ಕೂಡ ಹೋಯಿತು. ಮೂರನೆಯ ಬೆಳಿಗ್ಗೆ ನೋಡಿದರೆ ಬಾಗಿಲಲ್ಲಿ ಬಾಲ ಆಡಿಸುತ್ತ ನಿಂತಿದೆ! ಅದು ಹಿಂಡು ಬಿಟ್ಟು ಬಂದ ಆ ರಾತ್ರಿಯೇ ಗುಡ್ಡದಲ್ಲಿ ತೋಳಗಳು ಒಂಬತ್ತು ಕುರಿ ಮುರಿದಿದ್ದವು.

ಮಾವ ದುರ್ಸುನ್ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎದುರಾಡಬಹುದಿತ್ತು, ಅಳಬಹುದಿತ್ತು. ಆ ಕಡೆ ನಾಯಿಯನ್ನು ಮಾರುವ ರೂಢಿಯಿಲ್ಲ, ಕೊಟ್ಟರೆ ಸುಮ್ಮನೆ ಕೊಡುವುದು. ಮಾವ ಪಾಮುಕ್‌ನನ್ನು ಪೇಟೆಯ ಹಿಟ್ಟಿನ ಗಿರಣಿಗೆ ಕೊಟ್ಟು ಬಂದ. ಸುಗ್ಗಿಯಲ್ಲಿ ಗೋಧಿ ಬೀಸಿಸಲು ಹೋದಾಗ ಅದು ಅವಳ ಗುರುತು ಹಿಡಿದು, ಗಿಡ್ಡ ಸರಪಳಿಯಲ್ಲಿ ಹಿಂಗಾಲ ಮೇಲೆ ಎದ್ದು ನಿಂತು, ಉಸಿರು ಕಟ್ಟುವಷ್ಟು ಜಗ್ಗಿತು. ಎಲ್ಮಾಸ್ ಆಮೇಲೆ ಗಿರಣಿಯ ದಾರಿ ಹಿಡಿಯಲೇ ಇಲ್ಲ.

ಅಂದಿನಿಂದ ಅವಳು ಬೆಳೆಸಿದ ನಾಯಿಗಳಿಗೆ ಆರು ಊರಲ್ಲಿ ಹೆಸರು. ಅವಳಿಗೆ ಮಾತ್ರ ಕಲ್ಲೆದೆಯವಳು ಎಂಬ ಬಿರುದು. ಪಕ್ಕದ ಮನೆಯ ಗುಲ್ಸೂಮಳಂತೂ ಅದನ್ನು ಮುಖಕ್ಕೆ ಹೊಡೆದಂತೆ ಹೇಳುವಳು.

"ಅಲ್ವೇ, ಇಷ್ಟು ಚೆಂದದ್ ಮರಿ ಕಾಲಿಗ್ ಬಂದ್ ಬೀಳ್ತಿದೆ, ಒಂದ್ಸಲ ಮುಟ್ಟಲ್ವಲ್ಲ ನೀನು! ಎದೇಲೇನಿದೆ, ಕಲ್ಲಾ?"

"ಕಲ್ಲೇ ಕಣೇ. ಬೇಕಾದ್ರೆ ಒಂದ್ ಚೂರು ನಿಂಗೂ ಕೊಡ್ತೀನಿ, ಸೊಸೆ ಮೇಲೆ ಎಸೆಯೋಕಾಗುತ್ತೆ."

ಈ ವರ್ಷ ಜೂನ್‌ನಲ್ಲಿ ಇಸ್ಮೆತ್ ಟ್ರ್ಯಾಕ್ಟರಿನ ಹಿಂದೆ ಬೋರಾನ್‌ನನ್ನು ಮಲಗಿಸಿಕೊಂಡು ಬಂದ. ಎಲ್ಮಾಸ್ ಬೆಳೆಸಿದ ನಾಯಿಗಳಲ್ಲೇ ದೊಡ್ಡದು ಅದು, ನಿಂತರೆ ಅವಳ ಸೊಂಟಕ್ಕೆ ಬರುತ್ತಿತ್ತು. ಮೂರು ತೋಳಗಳು ಒಟ್ಟಿಗೆ ಮೇಲೆ ಬಿದ್ದಿದ್ದವು. ಮುಳ್ಳಿನ ಕಬ್ಬಿಣದ ಪಟ್ಟಿ ಕೊರಳನ್ನು ಉಳಿಸಿತ್ತು, ತೊಡೆ ಮಾತ್ರ ಮೂಳೆ ಕಾಣುವಂತೆ ಹರಿದಿತ್ತು. ಪಶುವೈದ್ಯ ಹೊಲಿಗೆ ಹಾಕಿ, ದಿನಕ್ಕೆರಡು ಸಲ ತೊಳೆದು ಮದ್ದು ಹಚ್ಚಬೇಕು, ಮೂರು ವಾರ ಎಂದು ಹೇಳಿ ಹೋದ. ಇಸ್ಮೆತ್ ಅವತ್ತೇ ಹಿಂಡಿಗೆ ಮರಳಬೇಕಿತ್ತು.

"ಗಾಯ ತೊಳಿ, ಮದ್ದು ಹಚ್ಚು, ಅಷ್ಟೇ. ಮುದ್ದುಗಿದ್ದು ಬೇಡ" ಎಂದ. "ಇವ್ನೂ ಮನೆ ಹಿಡಿದ್ರೆ ಹಿಂಡಿಗ್ ಬರಲ್ಲ. ಕಲ್ಲುಗಣಿಯವ್ರು ಗೇಟಿಗೆ ಕಟ್ಟೋಕೆ ನಾಯಿ ಕೇಳ್ತಾನೇ ಇದಾರೆ. ಅಲ್ಲಿಗೇ ಕೊಡ್ಬೇಕಾಗುತ್ತೆ."

"ನಂಗೇ ಹೇಳ್ಕೊಡ್ತೀಯಾ? ಹೋಗಯ್ಯ, ನಿನ್ ಕುರಿ ನೋಡ್ಕೋ ಹೋಗು."

ಮೊದಲ ನಾಲ್ಕು ದಿನ ಅವಳು ಮಾತಿಗೆ ತಪ್ಪಲಿಲ್ಲ. ಕುರಿಯ ವಾಸನೆ ಮರೆಯದಿರಲಿ ಎಂದು ಒಂದು ಕುಂಟು ಕುರಿಯನ್ನು ಪಕ್ಕದಲ್ಲೇ ಕಟ್ಟಿದಳು. ಬಟ್ಟೆಯನ್ನು ಕೋಲಿಗೆ ಸುತ್ತಿ ಗಾಯ ತೊಳೆದಳು. ಐದನೆಯ ದಿನ ಜ್ವರ ಏರಿತು. ಬೋರಾನ್ ಅಂಬಲಿ ಮೂಸಲಿಲ್ಲ, ನೀರು ಮುಟ್ಟಲಿಲ್ಲ. ಎಲ್ಮಾಸ್ ಹತ್ತಿರ ಕೂತು ಬಟ್ಟೆ ಹಿಂಡುತ್ತಿದ್ದಾಗ ಅದು ತೆವಳಿಕೊಂಡು ಬಂದು, ಕಲ್ಲಂಗಡಿಯಷ್ಟು ಭಾರದ ತಲೆಯನ್ನು ಅವಳ ಮಡಿಲಲ್ಲಿ ಇಟ್ಟು ಕಣ್ಣು ಮುಚ್ಚಿತು.

ಅವಳ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಇಳಿಯಿತು. ಹಣೆ, ಕಿವಿಯ ಬುಡ, ಕರಿಮೂತಿಯ ಮೇಲಿನ ಹಳೆಯ ಗೀರುಗಳು. ಮೂವತ್ತು ವರ್ಷ ಒಳಗೇ ಅದುಮಿಟ್ಟದ್ದೆಲ್ಲ ಆ ಒಂದು ತಲೆಯ ಮೇಲೆ ಸುರಿಯಿತು. "ನನ್ ಸಿಂಹ, ನನ್ ಕಂದ, ಒಂದ್ ತುತ್ತು ತಿನ್ನೋ" ಎಂದು ಬೆರಳಲ್ಲಿ ಅಂಬಲಿ ನೆಕ್ಕಿಸಿದಳು. ನೆಕ್ಕಿತು. ಅವಳಿಗೆ ಅಂಥ ಸಂತೋಷ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ನಾಯಿ ಬದುಕಿತು, ಕಷ್ಟ ಅಲ್ಲಿಂದಲೇ ಶುರುವಾಯಿತು. ಜುಲೈ ಹೊತ್ತಿಗೆ ಬೋರಾನ್ ಕುಂಟುತ್ತ ಅವಳ ಹಿಂದೆಯೇ ತಿರುಗತೊಡಗಿತು. ಒಲೆಯ ಬಳಿ ಹೋದರೆ ಒಲೆಯ ಬಳಿ, ನೀರಿಗೆ ಹೋದರೆ ನೀರಿಗೆ. ಕುಂಟು ಕುರಿ ಅರಚಿದರೂ ಕಿವಿ ಎತ್ತುತ್ತಿರಲಿಲ್ಲ. ಅದು ಬಾಲ ಆಡಿಸಿದಾಗಲೆಲ್ಲ ಎಲ್ಮಾಸಳಿಗೆ ಸರಪಳಿಯ ಸದ್ದು ಕೇಳುತ್ತಿತ್ತು. ಕೊನೆಗೆ ಒಂದು ನಸುಕಿನಲ್ಲಿ ಗಂಟು ಕಟ್ಟಿಕೊಂಡು, ನಾಯಿಯನ್ನು ಕರೆದುಕೊಂಡು, ತಾನೇ ಗುಡ್ಡ ಹತ್ತಿದಳು.

ಅವರು ತಲುಪಿದಾಗ ನಡುಮಧ್ಯಾಹ್ನ. ಬಿಸಿಲಿಗೆ ಕುರಿಗಳು ಒಂದಕ್ಕೊಂದು ತಲೆ ತೂರಿಸಿ ಮಲಗಿದ್ದವು. ಬೋರಾನ್ ಅವಳ ಲಂಗಕ್ಕೆ ಅಂಟಿಕೊಂಡೇ ನಿಂತಿತು. ಇಸ್ಮೆತ್ ಒಂದೇ ನೋಟದಲ್ಲಿ ಎಲ್ಲವನ್ನೂ ತಿಳಿದುಕೊಂಡ.

"ಮುಗೀತು ಬಿಡು. ನಾಳೆ ಗಣಿಯವ್ರಿಗೆ ಹೇಳ್ಕಳಿಸ್ತೀನಿ."

"ಸ್ವಲ್ಪ ಬಾಯ್ ಮುಚ್ಕೊಂಡಿರ್ತೀಯಾ?"

ಎಲ್ಮಾಸ್ ಕುರಿಗಳನ್ನು ಸರಿಸಿಕೊಂಡು ಹಿಂಡಿನ ನಟ್ಟನಡುವೆ ಹೋಗಿ ನೆಲದ ಮೇಲೆ ಕೂತುಬಿಟ್ಟಳು. ನಾಯಿ ಹಿಂದೆಯೇ ಬಂತು, ಮಡಿಲಲ್ಲಿ ತಲೆ ಇಟ್ಟಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ಒಂದು ಮುದಿ ಕುರಿ ಬಂದು ಹೊಲಿಗೆಯ ಗುರುತನ್ನು ಮೂಸಿತು. ಎರಡು ಕುರಿಮರಿಗಳು ನಾಯಿಯ ಬೆನ್ನಿಗೆ ಒರಗಿ ಮಲಗಿದವು. ನಾಯಿ ಒಮ್ಮೆ ಕಣ್ಣು ತೆರೆದು ಅವುಗಳನ್ನು ನೋಡಿತು, ಮತ್ತೆ ಮುಚ್ಚಿತು. ಎಲ್ಮಾಸಳ ಕಾಲು ಜೋಮು ಹಿಡಿಯಿತು, ಅವಳು ಅಲುಗಾಡಲಿಲ್ಲ.

ಬಿಸಿಲು ವಾಲಿತು. ಗಂಟೆ ಕಟ್ಟಿದ ಟಗರು ಎದ್ದು ಮೈ ಕೊಡವಿತು, ಅದರ ಹಿಂದೆ ಹಿಂಡೆಲ್ಲ ಎದ್ದಿತು. ಬೋರಾನ್‌ನ ಕಿವಿ ನಿಮಿರಿತು. ಆಮೇಲೆ ಆ ಭಾರದ ತಲೆ ಅವಳ ಮಡಿಲು ಬಿಟ್ಟು ಮೇಲೆದ್ದಿತು. ಗುಡ್ಡದ ಅಂಚಿನ ಕಡೆ ಮೂತಿ ಮಾಡಿ ಗಾಳಿ ಮೂಸಿತು, ಕುಂಟುತ್ತಲೇ ಕುರಿಗಳನ್ನು ದಾಟಿ ಮುಂದೆ ಹೋಗಿ, ಹಿಂಡಿನ ಮುಂದೆ ನಡೆಯತೊಡಗಿತು. ತಿರುಗಬೇಡ, ಕಂದ, ತಿರುಗಬೇಡ ಎಂದು ಎಲ್ಮಾಸ್ ಮನಸ್ಸಿನಲ್ಲೇ ಗೋಗರೆದಳು. ಅದು ತಿರುಗಲಿಲ್ಲ. ದಿಬ್ಬ ಹತ್ತಿ, ಆಚೆ ಇಳಿದು ಮರೆಯಾಯಿತು.

ಇಸ್ಮೆತ್ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಎಷ್ಟ್ ಸಲ ಸವರಿದ್ಯೇ?"

"ಲೆಕ್ಕ ಇಟ್ಟಿಲ್ಲ" ಎಂದಳು. "ನೋಡಿದ್ಯಾ? ಒಂದ್ಸಲಾನೂ ತಿರುಗಿ ನೋಡ್ಲಿಲ್ಲ. ಒಂದ್ಸಲಾನೂ!"

ಗೆದ್ದವಳ ಹಾಗೆ ನಗುತ್ತ ಹೇಳಿದವಳು, ನಾಯಿಗೂದಲು ಮೆತ್ತಿದ್ದ ಲಂಗದಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಹಿಂಡು ದೂರ ಹೋಗುತ್ತಿತ್ತು, ಇಸ್ಮೆತ್ ಕೂಡ ಹೊರಡಬೇಕಿತ್ತು. ಅವನು ಹೊರಡಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, ಅಭ್ಯಾಸವಿಲ್ಲದವನ ಹಾಗೆ, ಮೆಲ್ಲಗೆ ಸವರುತ್ತ ಕೂತ.