ಹಾಸು ಕತ್ತರಿಸದ ಪೆನ್ ಡ್ರೈವ್

ಆ ದಿನಗಳಲ್ಲಿ ಬಾಗಲಕೋಟೆಯ ಕಂಪ್ಯೂಟರ್ ಅಂಗಡಿಗಳವರಿಗೆ ಗೊತ್ತಿದ್ದದ್ದು ಒಂದೇ ಮದ್ದು, ಫಾರ್ಮ್ಯಾಟ್. ಕಂಪ್ಯೂಟರ್ ನಿಧಾನವಾದರೆ ಫಾರ್ಮ್ಯಾಟ್, ವೈರಸ್ ಬಂದರೆ ಫಾರ್ಮ್ಯಾಟ್. ಕೀಬೋರ್ಡಿನ ವೈರನ್ನು ಇಲಿ ಕಡಿದಿದ್ದರೂ ಮೊದಲು ಫಾರ್ಮ್ಯಾಟ್ ಹೊಡೆದು ಆಮೇಲೆ ವೈರು ನೋಡುವ ಮಹಾನುಭಾವರು ಇದ್ದರು. ಗೋಡೆಯ ಮೇಲೆ ಕಟ್ಟು ಹಾಕಿದ ಸರ್ಟಿಫಿಕೇಟು, ಕೊರಳಲ್ಲಿ ಟೈ, ಕೈಯಲ್ಲಿ ಒಂದು ಸಿ.ಡಿ. ಅಷ್ಟಿದ್ದರೆ ಎಂಜಿನಿಯರ್ ಅನ್ನಿಸಿಕೊಳ್ಳುತ್ತಿದ್ದರು.

ನಾನು ಗುಳೇದಗುಡ್ಡದವನು. ಏಳನೇತ್ತೆಗೆ, ಅಂದರೆ ಏಳನೇ ತರಗತಿಗೆ, ಸಾಲಿ ಬಿಟ್ಟು ಮಗ್ಗದ ಕುಣಿಗೆ ಇಳಿದವನು. ಕುಪ್ಪಸದ ಖಣ ನೇಯ್ದೆ. ಮೊಣಕಾಲು ಹಿಡಿದ ಮೇಲೆ ಜಕಾರ್ಡಿನ ಕಾರ್ಡು ಹೊಡೆಯುವ ಕೆಲಸಕ್ಕೆ ಕುಳಿತೆ. ಚೌಕಳಿ ಕಾಗದದ ಮೇಲೆ ಬರೆದ ಡಿಸೈನಿನ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಕಾರ್ಡು. ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲಿನ, ಎಳೆ ಏಳಬೇಕಾದಲ್ಲಿ ತೂತು, ಏಳಬಾರದ ಕಡೆ ಇಲ್ಲ. ಆ ಕಾರ್ಡುಗಳನ್ನು ಸರವಾಗಿ ಹೊಲಿದು ಮಗ್ಗದ ಮೇಲೆ ಏರಿಸಿದರೆ ಖಣದಲ್ಲಿ ಆನೆಹೆಜ್ಜೆ, ಸೂಜಿಮಲ್ಲಿಗೆ ಮೂಡುತ್ತವೆ.

ನಮ್ಮ ಕಾಕಾ, ಅಂದರೆ ತಂದೆಯ ತಮ್ಮ, ಈ ಡಿಸೈನುಗಳಲ್ಲಿ ಊರಿಗೇ ದೊಡ್ಡವನು. ನಲವತ್ತಮೂರು ಡಿಸೈನು ಸ್ವಂತ ಕೈಯಿಂದ ತೆಗೆದು ಟ್ರಂಕಿನಲ್ಲಿಟ್ಟಿದ್ದ. ಕಾಚಬಿಂದು ಎಂಬ ಕಣ್ಣುಬೇನೆಯಿಂದ ಅವನ ನೋಟ ಮಂಜಾಗತೊಡಗಿದಾಗ ನಾನು ಒಂದು ಹಳೆಯ ಕಂಪ್ಯೂಟರ್ ತಂದು, ಎರಡು ವರ್ಷ ಮಧ್ಯಾಹ್ನದ ನಿದ್ದೆ ಬಿಟ್ಟು, ಅಷ್ಟನ್ನೂ ಚೌಕಕ್ಕೆ ಚೌಕ ತುಂಬಿ ಅದರಲ್ಲಿ ಇಳಿಸಿದೆ. ಅಷ್ಟರಲ್ಲಿ ಟ್ರಂಕಿಗೆ ಗೆದ್ದಲು ಹಿಡಿದಿತ್ತು. ಉಳಿದದ್ದನ್ನು ಹೊಸ ಕಾಗದಕ್ಕೆ ಇಳಿಸಿಡು ಎಂದು ಕಾಕಾ ಹೇಳಿದ. ನಾನು ನಕ್ಕುಬಿಟ್ಟೆ.

"ಕಾಗದದ ಕಾಲ ಮುಗೀತು ಕಾಕಾ. ಎಲ್ಲಾ ಕಂಪ್ಯೂಟರನ್ಯಾಗ ಐತಿ."

ಗೆದ್ದಲು ತಿಂದು ಉಳಿದ ಆ ಕಾಗದದ ಚೂರುಗಳು ಹಂಡೆಯ ಒಲೆಗೆ ಹೋದವು. ನಾನೇ ಹಾಕಿದೆ.

ಮುಂದಿನ ಶ್ರಾವಣದ ಒಂದು ಮುಂಜಾನೆ ಕಂಪ್ಯೂಟರ್ ಏಳಲಿಲ್ಲ. ಕರಿ ಪರದೆಯ ಮೇಲೆ ಯಾವುದೋ ಫೈಲು ಇಲ್ಲವೆಂಬ ಎರಡು ಸಾಲು, ಅಷ್ಟೇ. ಯಾರದೋ ಮದುವೆಯ ಫೋಟೋ ನೋಡಲು ಚುಚ್ಚಿದ್ದ ಅವರ ಪೆನ್ ಡ್ರೈವಿನಿಂದ ವೈರಸ್ ಹೊಕ್ಕಿತ್ತು. ಕಾಕಾನಿಗೆ ಹೇಳದೆ ಕಂಪ್ಯೂಟರಿನ ಡಬ್ಬಿಯನ್ನು ಚಾದರಿನಲ್ಲಿ ಕಟ್ಟಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಾಗಲಕೋಟೆಯ ವಿದ್ಯಾಗಿರಿಗೆ ಹೋದೆ. ಅಲ್ಲಿ ಕಾಲೇಜು ಹೆಚ್ಚು, ಹಾಗಾಗಿ ತಿಳಿದವರೂ ಹೆಚ್ಚಿರಬೇಕು ಎಂಬುದು ನನ್ನ ಲೆಕ್ಕ. ಆ ಲೆಕ್ಕ ತಪ್ಪಿತ್ತು.

ಅಂಗಡಿಯ ಎಂಜಿನಿಯರ್ ಡಬ್ಬಿಯ ಮುಚ್ಚಳ ಸಹ ತೆಗೆಯಲಿಲ್ಲ. ಪರದೆ ನೋಡಿದ, ಸಿ.ಡಿ. ಎತ್ತಿಕೊಂಡ. ಒಳಗಿನ ಡಿಸೈನುಗಳು ಉಳಿಯುತ್ತವೆಯೇ ಎಂದು ಕೇಳಿದೆ. ಉಳಿಯುವುದಿಲ್ಲ ಎಂದ. ಬೇರೆ ದಾರಿ ಇಲ್ಲವೇ ಎಂದೆ. ಅವನು, ಎಲ್ಲಿಯ ತನಕ ಕಲಿತಿದ್ದೀರಿ ಎಂದು ನನ್ನನ್ನೇ ಕೇಳಿದ. ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಗಿರಾಕಿಯ ಕಡೆ ನೋಡಿ ಹಲ್ಲು ಕಿರಿದ.

"ಹಂಗಾರ ನಿಮಗ ತಿಳಿಯಂಗಿಲ್ಲ ಬಿಡ್ರಿ. ಫಾರ್ಮ್ಯಾಟ್ ಮಾಡೂದ."

"ಒಂದ್ ಮಾತ್ ಹೇಳ್ರಿ," ಎಂದೆ. "ಮಗ್ಗದ ಮ್ಯಾಲ ಡಿಸೈನ್ ಕೆಟ್ಟರ ನಾವು ಹಾಸು ಕತ್ತರಸ್ತೇವೇನು? ಕಾರ್ಡಿನ ಸರ ಇಳಿಸಿ ಬ್ಯಾರೆ ಸರ ಏರಸ್ತೇವಿ. ಹಾಸು ಇದ್ದಲ್ಲೇ ಇರ್ತೈತಿ."

"ಇದು ಮಗ್ಗ ಅಲ್ರಿ ಯಜಮಾನ್ರ. ಕಂಪ್ಯೂಟರ್."

ಇಷ್ಟು ದೊಡ್ಡ ವಿಷಯ ಕಲಿಯಲು ಅವನು ಮೂರು ವರ್ಷ ಕಾಲೇಜಿಗೆ ಚೀಲ ಹೊತ್ತಿದ್ದ. ನಾನು ಚಾದರಿನ ಗಂಟು ಕಟ್ಟಿ ಎದ್ದೆ.

ಮನೆಯಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಬಿದ್ದಿತ್ತು. ಹಿಂದೊಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಅದರ ಜೊತೆ ಬರುವ ಸಿ.ಡಿ.ಯ ಆಸೆಗೆ ಕೊಂಡದ್ದು. ನನ್ನ ಇಂಗ್ಲಿಷು ಅಕ್ಷರ ಕೂಡಿಸಿ ಓದುವಷ್ಟು; ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೂರು ದಿನ ಒಂದೇ ಲೇಖನ ಓದಿದೆ. ಪಪ್ಪಿ, ಅಂದರೆ ನಾಯಿಮರಿ, ಎಂಬ ಪುಟ್ಟ ಲಿನಕ್ಸ್; ಕಂಪ್ಯೂಟರನ್ನು ಎಬ್ಬಿಸಿ ನಡೆಸುವ ತಂತ್ರಾಂಶ, ಪತ್ರಿಕೆಯ ಸಿ.ಡಿ.ಯಲ್ಲೇ ಇತ್ತು. ನೂರು ಎಂ.ಬಿ.ಯೂ ತುಂಬದು. ಪೆನ್ ಡ್ರೈವಿನಿಂದ ಎದ್ದು, ನೇರ ಮೆಮರಿಯಲ್ಲಿ ಕುಳಿತು ನಡೆಯುತ್ತದೆ. ಹಾರ್ಡ್ ಡಿಸ್ಕನ್ನು ನಾವು ಹೇಳದ ಹೊರತು ಮುಟ್ಟುವುದಿಲ್ಲ. ಓದುತ್ತ ಹೋದಂತೆ ನನಗೆ ಸಿಟ್ಟೇ ಬಂತು. ನಾನು ಅಂಗಡಿಯಲ್ಲಿ ಕೇಳಿದ್ದು ಇದನ್ನೇ ಅಲ್ಲವೇ? ಹಾಸು ಇದ್ದಲ್ಲೇ ಇರಲಿ, ಬೇರೆ ಸರ ಏರಿಸು ಎಂದು?

ನನ್ನ ಕಂಪ್ಯೂಟರಿನ ಸಿ.ಡಿ. ಡ್ರೈವು ಮಗ್ಗದ ಮನೆಯ ಅರಳೆಧೂಳು ತಿಂದು ಎಂದೋ ಕಣ್ಣು ಮುಚ್ಚಿತ್ತು. ಹಾಗಾಗಿ ಸೈಬರ್ ಕೆಫೆಯೊಂದರಲ್ಲಿ ಒಂದು ಮಧ್ಯಾಹ್ನ ಕುಳಿತು, ಅಲ್ಲಿನ ಯಂತ್ರವನ್ನು ಆ ಸಿ.ಡಿ.ಯಿಂದ ಎಬ್ಬಿಸಿ, ಪತ್ರಿಕೆ ಹೇಳಿದಂತೆ ಪಪ್ಪಿಯನ್ನು ನನ್ನ ಪೆನ್ ಡ್ರೈವಿಗೆ ಇಳಿಸಿಕೊಂಡೆ. ಕೆಫೆಯವನು ಐದು ನಿಮಿಷಕ್ಕೊಮ್ಮೆ ಬಂದು, ನಮ್ಮ ಮಶೀನು ಕೆಡುತ್ತದೆಯೇ ಎಂದು ಕೇಳುತ್ತಿದ್ದ. ದಿನವಿಡೀ ಹುಡುಗರು ಅದರಲ್ಲಿ ಏನೇನು ನೋಡುತ್ತಾರೋ, ಆಗ ಕೆಡದ ಮಶೀನು ನನ್ನಿಂದ ಕೆಡುತ್ತದೆಯಂತೆ.

ಮರುದಿನ ಮನೆಯಲ್ಲಿ ಪೆನ್ ಡ್ರೈವ್ ಚುಚ್ಚಿದರೆ ಮತ್ತದೇ ಕರಿ ಪರದೆ. ಕಂಪ್ಯೂಟರ್ ಮೊದಲು ಯಾವುದರಿಂದ ಏಳಬೇಕು ಎಂಬ ಪಟ್ಟಿ ಒಳಗೆ ಇರುತ್ತದೆ. ಡಿಲೀಟ್ ಕೀಲಿ ಒತ್ತಿ ಅಲ್ಲಿಗೆ ಹೋಗಿ ಯು.ಎಸ್.ಬಿ. ಹಾರ್ಡ್ ಡಿಸ್ಕ್ ಎಂಬುದನ್ನು ಮೇಲಕ್ಕೆ ತಂದೆ. ಏಳಲಿಲ್ಲ. ಕೆಳಗೆ ಯು.ಎಸ್.ಬಿ. ಜಿಪ್ ಎಂದು ಇನ್ನೊಂದಿತ್ತು. ಅದನ್ನು ಮೇಲಕ್ಕೆ ಹಾಕಿದೆ. ಅಕ್ಷರಗಳು ಸರಸರ ಹರಿದವು, ಚಿತ್ರ ಮೂಡಿತು, ಸ್ಪೀಕರಿನಲ್ಲಿ ನಾಯಿಮರಿ ಒಮ್ಮೆ ಬೊಗಳಿತು.

ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಕಾಕಾ ಕೋಲು ಎತ್ತಿದ. "ಯಾರ ಮನಿ ನಾಯಿ ಒಳಗ ಬಂತ್ಲೇ ಅದು?"

"ನಮ್ಮದ ಕಾಕಾ. ಕಾಯಾಕ ಬಂದೈತಿ."

ಹಾರ್ಡ್ ಡಿಸ್ಕಿನ ಗುರುತು ಒತ್ತಿದೆ. ನಲವತ್ತಮೂರೂ ಇದ್ದವು. ಒಂದು ದಾರವೂ ಕಡಿದಿರಲಿಲ್ಲ. ಎಲ್ಲವನ್ನೂ ಪೆನ್ ಡ್ರೈವಿಗೆ ತೆಗೆದುಕೊಂಡೆ. ಪಪ್ಪಿಯೊಳಗೇ ಚಿತ್ರ ಬರೆಯುವ ಒಂದು ಸಾಧನವಿತ್ತು, ಹಿಗ್ಗಿಸಿದರೆ ಚೌಕಳಿ ಗೆರೆಯನ್ನೂ ತೋರಿಸುತ್ತಿತ್ತು. ಮುಂದೆ ಆರು ವರ್ಷ ಆ ಕಂಪ್ಯೂಟರಿಗೆ ನಾನು ಬೇರೇನೂ ಹಾಕಲಿಲ್ಲ. ಪೆನ್ ಡ್ರೈವನ್ನು ಉಡದಾರಕ್ಕೆ ಕಟ್ಟಿಕೊಂಡು ಓಡಾಡಿದೆ. ವಿದ್ಯಾಗಿರಿಯ ಅದೇ ಎಂಜಿನಿಯರ್ ಒಂದು ದಿನ ಯಾರಿಂದಲೋ ಸುದ್ದಿ ಕೇಳಿ ಫೋನು ಮಾಡಿದ. ದೊಡ್ಡ ಗಿರಾಕಿಯೊಬ್ಬರ ಫೋಟೋಗಳು ಕೆಟ್ಟ ಕಂಪ್ಯೂಟರಿನಲ್ಲಿ ಸಿಕ್ಕಿಹಾಕಿಕೊಂಡಿವೆ, ನಿಮ್ಮ ಪೆನ್ ಡ್ರೈವನ್ನು ಒಂದು ದಿನ ಕೊಡಿ ಎಂದ. ಏಳನೇತ್ತೆಯವನಿಗೆ ಇದೆಲ್ಲ ತಿಳಿಯುವುದಿಲ್ಲ, ಫಾರ್ಮ್ಯಾಟ್ ಹೊಡೆಯಿರಿ ಎಂದು ಫೋನು ಇಟ್ಟೆ. ಆ ಮಾತಿಗಾಗಿ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಆದರೆ ಡಿಸೈನು ಸಿಕ್ಕ ಆ ದಿನದ ಮಾತು ಇನ್ನೂ ಮುಗಿದಿಲ್ಲ. ನಡೆದದ್ದನ್ನೆಲ್ಲ ಕಾಕಾನಿಗೆ ಹೇಳಿದೆ, ಒಲೆಗೆ ಹಾಕಿದ ಕಾಗದದ್ದನ್ನೂ. ಅವನು ಬೈಯಲಿಲ್ಲ. ಕೋಲು ಗೋಡೆಗಿಟ್ಟು ಹತ್ತಿರ ಸರಿದ.

"ಆನಿಹೆಜ್ಜಿ ತಗಿ. ಓದು."

ಕಾರ್ಡು ಹೊಡೆಯುವಾಗ ಒಬ್ಬ ಡಿಸೈನು ನೋಡಿ ಓದುತ್ತಾನೆ, ಇನ್ನೊಬ್ಬ ತೂತು ಹೊಡೆಯುತ್ತಾನೆ. ನಾನು ಹಾಗೆಯೇ ಪರದೆ ನೋಡಿ ಓದತೊಡಗಿದೆ: ಮೂರು ಬಿಡು, ಎರಡು ಹೊಡಿ, ಒಂದು ಬಿಡು. ಎರಡು ಸಾಲು ಆಗುವಷ್ಟರಲ್ಲಿ ಕಾಕಾನ ತುಟಿ ನನಗಿಂತ ಮುಂದೆ ಓಡುತ್ತಿತ್ತು. ಕಣ್ಣು ಕಾಣದ ಮುದುಕ, ತೊಡೆಯ ಮೇಲೆ ಬೆರಳು ಕುಟ್ಟುತ್ತ, ನಾನು ನೋಡಿ ಹೇಳುವುದನ್ನು ನೋಡದೆ ಹೇಳುತ್ತಿದ್ದ. ಒಂಬತ್ತನೆಯ ಸಾಲಿನಲ್ಲಿ ಬೆರಳು ನಿಂತಿತು.

"ಅಲ್ಲಿ ಎರಡಲ್ಲೋ. ಒಂದು."

ಕಂಪ್ಯೂಟರಿನಲ್ಲಿ ಎರಡೇ ಇದೆ, ಅದು ತಪ್ಪುವುದಿಲ್ಲ ಎಂದೆ.

"ಅದೆಲ್ಲಿ ತಪ್ಪತೈತಿ? ತಪ್ಪಿದಾವ ನೀ. ಮುಂದಿನ ಹೆಜ್ಜಿ ನೋಡು, ಅಲ್ಲಿ ಒಂದ ಐತಿ."

ನೋಡಿದೆ. ಪಕ್ಕದ ಆನೆಹೆಜ್ಜೆಯಲ್ಲಿ ಅದೇ ಜಾಗಕ್ಕೆ ಒಂದೇ ಇತ್ತು. ಯಾವುದೋ ಮಧ್ಯಾಹ್ನ ತೂಕಡಿಸುತ್ತ ನಾನೇ ತುಂಬಿದ ಚೌಕ ಅದು. ತಾಳೆ ನೋಡೋಣವೆಂದರೆ ಮೂಲ ಕಾಗದವನ್ನು ಒಲೆಗೆ ಹಾಕಿದವನೂ ನಾನೇ. ಆ ತಪ್ಪನ್ನು ನಾಯಿಮರಿ ಬಹಳ ನಿಷ್ಠೆಯಿಂದ ಕಾದು ತಂದುಕೊಟ್ಟಿತ್ತು.

"ನಾ ಇರೂದ್ರಾಗ ಎಲ್ಲಾ ಓದಿ ಮುಗಸು," ಎಂದ ಕಾಕಾ. "ಕಾಗದಾ ತಾ."

ಮರುದಿನದಿಂದ ಹಾಗೆಯೇ ನಡೆಯಿತು. ನಾನು ಓದುವುದು, ಅವನು ತಡೆಯುವುದು, ನಾನು ಪೆನ್ಸಿಲಿನಿಂದ ಕಾಗದಕ್ಕೂ ಮೌಸಿನಿಂದ ಪೆನ್ ಡ್ರೈವಿಗೂ ತಿದ್ದುವುದು. ದೀಪಾವಳಿಯ ಹೊತ್ತಿಗೆ ನಲವತ್ತಮೂರೂ ಮುಗಿದವು. ಹನ್ನೊಂದು ತಪ್ಪು ಸಿಕ್ಕಿದ್ದವು, ಹನ್ನೊಂದೂ ನನ್ನವು. ಇದನ್ನು ವಿದ್ಯಾಗಿರಿಯ ಎಂಜಿನಿಯರನಿಗೆ ನಾನು ಹೇಳಿಲ್ಲ. ನನ್ನನ್ನು ನೋಡಿ ನಗುವಷ್ಟು ಕೆಲಸ ಅವನಿಗೆ ಬರುವುದಿಲ್ಲ. ಆ ಕೆಲಸ ಬರುತ್ತಿದ್ದವನು ನಮ್ಮ ಪಡಸಾಲೆಯಲ್ಲಿ ಕುಳಿತಿದ್ದ, ಅವನು ನಗಲಿಲ್ಲ.