ಉಡಿಗೆ ಬಿದ್ದ ಕಿಲುಬು ದುಡ್ಡು

ನನ್ನನ್ನು ಕೊಟ್ಟ ಮನೆ ತೇರದಾಳದ್ದು, ತವರು ಜಮಖಂಡಿಯದು. ನಡುವೆ ರಬಕವಿ, ಬನಹಟ್ಟಿ. ಚಕ್ಕಡಿಯಲ್ಲಿ ಅರ್ಧ ದಿನದ ಹಾದಿ. ತೇರದಾಳಕ್ಕೆ ಒಬ್ಬ ರಾಜ, ಜಮಖಂಡಿಗೆ ಇನ್ನೊಬ್ಬ ರಾಜ. ಆದರೆ ನನ್ನ ಮಟ್ಟಿಗೆ ಆ ಎರಡು ಸಂಸ್ಥಾನಗಳ ಸರಹದ್ದಿಗಿಂತ ನಮ್ಮ ಮಾವನವರ ಪಡಸಾಲೆಯ ಸರಹದ್ದೇ ಗಟ್ಟಿಯಾಗಿತ್ತು.

ಮಾವನವರು ಕಾಳಿನ ವ್ಯಾಪಾರ ಮಾಡುತ್ತಿದ್ದರು. ಅದು ಹೊಟ್ಟೆಪಾಡು. ಅವರ ನಿಜವಾದ ಕಸಬು ಹಳೆಯ ತಾಮ್ರದ ದುಡ್ಡಿನ ಜಾತಿ ಕುಲ ನಿರ್ಣಯ. ದೇವರ ಜಗಲಿಯ ಮೇಲೆ ಹಿರಿಯರ ಕಾಲದ ಒಂದು ತಂಬಿಗೆ, ಅದರ ತುಂಬ ದುಡ್ಡು. ಬೆಳಗಾದರೆ ತಂಬಿಗೆಯನ್ನು ಪಡಸಾಲೆಗೆ ತಂದು ಹರಿವಾಣದಲ್ಲಿ ಸುರಿದುಕೊಂಡು ಕೂಡುವರು. ಒಂದನ್ನು ಕಲ್ಲಿಗೆ ಬಡಿದು ಕೇಳುವರು, ಒಂದನ್ನು ಮೂಸುವರು, ಒಂದನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚುವರು. ಆ ಹೊತ್ತಿನಲ್ಲಿ ಮನೆಗೆ ಬಂದವನು ಸಾಲ ಕೇಳಲು ಬಂದಿರಲಿ, ಸಾವಿನ ಸುದ್ದಿ ತಂದಿರಲಿ, ಮೊದಲು ಒಂದು ದುಡ್ಡನ್ನು ಗುರುತಿಸಬೇಕು. ಗುರುತಿಸಿದವನಿಗೆ ಎರಡನೆಯದು ಸಿಗುತ್ತಿತ್ತು. ಗುರುತಿಸದವನಿಗೆ ಉಪದೇಶ ಸಿಗುತ್ತಿತ್ತು. ಎರಡರಲ್ಲಿ ಯಾವುದಾದರೂ ಊಟದ ಹೊತ್ತಿನ ತನಕ ಬಿಡುಗಡೆ ಇರಲಿಲ್ಲ.

ಉಪದೇಶದ ಸಾರ ನನಗೆ ಕಂಠಪಾಠವಾಗಿತ್ತು. ಹಿಂದಿನವರ ಟಂಕಸಾಲೆಯಲ್ಲಿ ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಸಣ್ಣದು. ಹೀಗಾಗಿ ಮರಾಠರ ಕಾಲದ ಶಿವರಾಯಿ ದುಡ್ಡಿನ ಮೇಲೆ ‘ಛತ್ರಪತಿ’ ಎಂಬ ಅಕ್ಷರ ಪೂರ್ತಿ ಬೀಳುತ್ತಿರಲಿಲ್ಲ. ಒಂದರ ಮೇಲೆ ‘ಛ’ ಅಷ್ಟೇ, ಇನ್ನೊಂದರ ಮೇಲೆ ಅರ್ಧ ‘ಪತಿ’. ಎಲ್ಲ ಅಕ್ಷರ ಬಿದ್ದದ್ದು ಸಿಕ್ಕರೆ ಅದಕ್ಕೆ ಬೆಳ್ಳಿಯ ರೂಪಾಯಿಗಳನ್ನೇ ಎಣಿಸಿ ಕೊಡುವವರಿದ್ದಾರೆಂದು ಪುಣೆಯ ಕಡೆಯ ಪಂಡಿತರೊಬ್ಬರು ಹೇಳಿಹೋಗಿದ್ದರಂತೆ. ಇನ್ನೂ ಒಂದು ಮಾತು ಹೇಳಿದ್ದರು: ಕಿಲುಬು ತೆಗೆಯಬಾರದು, ತೆಗೆದರೆ ಬೆಲೆ ಹೋಯಿತು.

ಈ ಕೊನೆಯ ಮಾತು ನಮ್ಮ ಮನೆಯಲ್ಲಿ ಎರಡು ಪಕ್ಷ ಮಾಡಿತು. ಅತ್ತೆಯವರ ಧರ್ಮದಲ್ಲಿ ಕಿಲುಬು ಹತ್ತಿದ ಲಕ್ಷ್ಮಿ ಎಂದರೆ ತಲೆ ಬಾಚದ ಮುತ್ತೈದೆ. ದೀಪಾವಳಿಗೊಮ್ಮೆ ಅವರು ಆ ದುಡ್ಡನ್ನೆಲ್ಲ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತ ಬಂದವರು. ಅವರ ಅತ್ತೆ, ಅವರ ಅತ್ತೆಯ ಅತ್ತೆ ಎಲ್ಲರೂ ತಿಕ್ಕಿದವರೇ. ಇಷ್ಟು ಭಕ್ತಿಗೆ ಯಾವ ಅಕ್ಷರ ನಿಂತೀತು? ಮುಕ್ಕಾಲು ಪಾಲು ದುಡ್ಡು ಎರಡೂ ಮುಖ ನುಣ್ಣಗಾಗಿ ಯಾವ ರಾಜನಿಗೂ ಸೇರದೆ ಸ್ವತಂತ್ರವಾಗಿದ್ದವು.

ತಿಕ್ಕುವವರ ಕೈಗೆ ಸಿಗದೆ ಉಳಿದದ್ದು ಒಂದೇ. ಹೊಸ್ತಿಲು ಕಿತ್ತಾಗ ಮಣ್ಣಿನಲ್ಲಿ ಸಿಕ್ಕದ್ದು. ಹಸಿರು ಕಿಲುಬಿನ ಗಂಟು. ಇದರೊಳಗೆ ಪೂರ್ತಿ ಅಕ್ಷರವಿದೆ ಎಂದು ಮಾವನವರ ನಂಬಿಕೆ. ತಿಕ್ಕಿ ನೋಡಿದರೆ ಬೆಲೆ ಹೋಗುತ್ತದೆ, ನೋಡದಿದ್ದರೆ ಬೆಲೆ ಗೊತ್ತಾಗುವುದಿಲ್ಲ. ಈ ಇಕ್ಕಟ್ಟಿನಲ್ಲಿ ಅವರು ವರ್ಷಗಟ್ಟಲೆ ಸಿಕ್ಕಿಕೊಂಡಿದ್ದರು, ನಮ್ಮನ್ನೂ ಜೊತೆಗೆ ಸಿಕ್ಕಿಸಿಕೊಂಡಿದ್ದರು.

ಆ ವರ್ಷ ಪಂಚಮಿಗೆ ನನ್ನನ್ನು ಕರೆಯಲು ಅಣ್ಣ ಬಂದ. ಮದುವೆಯಾದ ಮೇಲೆ ಒಂದು ಪಂಚಮಿಗೂ ನನಗೆ ತವರು ದಕ್ಕಿರಲಿಲ್ಲ. ನನಗೆ ಬೇಕಾಗಿದ್ದದ್ದು ಹೆಚ್ಚಿನದಲ್ಲ: ನಾಕು ದಿನ ತಲೆಯ ಮೇಲಿನ ಸೆರಗು ಇಳಿಸಿ, ನಮ್ಮ ಬೇವಿನ ಗಿಡದ ಜೋಕಾಲಿಯಲ್ಲಿ ಜೀಕುವುದು. ಅವತ್ತು ಸೋಮವಾರ. ಮರುದಿನ ಮಂಗಳವಾರ, ಸೊಸೆಯನ್ನು ಹೊರಗೆ ಕಳಿಸುವ ವಾರವಲ್ಲ. ಅದರಾಚೆಯ ದಿನ ನಾಗಪ್ಪನಿಗೆ ಹಾಲೆರೆಯುವುದು. ಮಧ್ಯಾಹ್ನದೊಳಗೆ ಚಕ್ಕಡಿ ಹೊರಡದಿದ್ದರೆ ಆ ವರ್ಷದ ಪಂಚಮಿಯೂ ಹೋದಂತೆಯೇ.

ಅಣ್ಣ ಪಡಸಾಲೆಯಲ್ಲಿ ಕಾಲು ಮಡಚಿ ಕೂತ. ಮಾವನವರು ಹಸಿರು ಗಂಟನ್ನು ಅವನ ಅಂಗೈಗೆ ಇಟ್ಟರು.

“ಬೀಗರ, ಇದು ಯಾವ ಕಾಲದ್ದು ಹೇಳ್ರಿ.”

“ಭಾಳ ಹಳೀದು ಕಾಣ್ತೈತ್ರಿ ಮಾವಾರ.”

“ಹಳೀದು ಅಂತ ಕುರುಡನೂ ಹೇಳ್ತಾನು. ಎಷ್ಟು ಹಳೀದು?”

“ಎತ್ತಿನ ಹಲ್ಲಾದ್ರ ಬಾಯಿ ತೆಗಿಸಿ ಹೇಳ್ತಿದ್ನಿ. ಇದರ ಬಾಯಿ ಮುಚ್ಚೈತಲ್ರಿ.”

“ಅದs ಇದರ ಗಮ್ಮತ್ತು. ಕೂಡ್ರಿ, ಕೂಡ್ರಿ. ಶುರುವಿಂದ ಹೇಳ್ತೀನಿ.”

ಶುರುವೆಂದರೆ ಟಂಕಸಾಲೆ. ನಾನು ಒಳಗೆ ಬಾಗಿಲ ಸಂದಿಯಲ್ಲಿ ಅರಿವೆಯ ಗಂಟು ಕಟ್ಟಿಕೊಂಡು ನಿಂತಿದ್ದೆ. ಬಿಸಿಲು ಅಂಗಳದ ತುಳಸಿಕಟ್ಟೆ ದಾಟಿತು. ಗಾಡಿಗೆ ಕಟ್ಟಿದ್ದ ಎತ್ತುಗಳು ಕೊರಳು ಅಲ್ಲಾಡಿಸಿದವು. ಅಣ್ಣ ಎರಡು ಸಲ ಏಳಲು ನೋಡಿ ಎರಡು ಸಲ ಕೂತ. ಹಸಿರು ಗಂಟು ಹರಿವಾಣಕ್ಕೆ ಮರಳಿ, ಅವನ ಅಂಗೈಗೆ ದುಡ್ಡಿನ ಮೇಲೆ ದುಡ್ಡು ಬೀಳುತ್ತಿತ್ತು.

ಅತ್ತೆಯವರು ನನ್ನ ಮುಖ ನೋಡಿದರು. “ಹಿಂಗ ನಿಂತ್ರ ದೀಪಾವಳಿಗೆ ಹೊಕ್ಕೀ ಬೇ,” ಎಂದು ಪಡಸಾಲೆಗೆ ನಡೆದು, “ಉಡಿ ತುಂಬಾಕ ತಂಬಿಗಿ ರೊಕ್ಕ ಒಂದು ಬೇಕು,” ಎಂದು ಗಾಳಿಗೆ ಹೇಳಿದರು. ಗಂಡನಿಗೆ ಅವರು ನೇರ ಹೇಳುತ್ತಿದ್ದದ್ದು ಕಡಿಮೆ.

ಹೊರಡುವ ಸೊಸೆಯ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಎಲೆಯ ಜೊತೆ ಮನೆಯ ತಂಬಿಗೆಯ ದುಡ್ಡು ಒಂದನ್ನು ಹಾಕುವುದು ಆ ಮನೆಯ ಪದ್ಧತಿ. ಲಕ್ಷ್ಮಿ ಜೊತೆಗಿದ್ದರೆ ಸೊಸೆ ತಿರುಗಿ ಬರುತ್ತಾಳೆಂದು. “ತಗೋ, ತಗೋ,” ಎಂದರು ಮಾವನವರು, ಹರಿವಾಣದತ್ತ ಕೈ ಬೀಸಿ, ಕಣ್ಣು ಅಣ್ಣನ ಅಂಗೈ ಮೇಲೆಯೇ ಇಟ್ಟು. ಅತ್ತೆಯವರು ಒಂದನ್ನು ಎತ್ತಿಕೊಂಡು ಬಚ್ಚಲಿಗೆ ಹೋದರು. ಕಿಲುಬು ದುಡ್ಡನ್ನು ಉಡಿಗೆ ಹಾಕುವುದುಂಟೆ? ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕುವ ಸಪ್ಪಳ ನನಗೆ ಕೇಳಿಸಿತು. ಬಂದು ಮುಷ್ಟಿಯಲ್ಲಿದ್ದದ್ದನ್ನು ಅಕ್ಕಿಯೊಂದಿಗೆ ಉಡಿಗೆ ಸುರಿದು ಗಂಟು ಬಿಗಿದರು.

ಉಡಿ ತುಂಬಿದ ಮೇಲೆ ಸೊಸೆ ಒಳಗೆ ಹೋಗುವಂತಿಲ್ಲ, ಕೂಡುವಂತಿಲ್ಲ, ಹೊಸ್ತಿಲು ದಾಟಲೇಬೇಕು. ನಾನು ದಾಟಿದೆ. ಬಿಡುಗಡೆ ಇಷ್ಟು ಸಲೀಸೇ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಮಾವನವರ ಧ್ವನಿ.

“ನನ್ನ ಹಸರು ದುಡ್ಡು ಎಲ್ಲೈತಿ?”

ಹರಿವಾಣ ತಡಕಿದರು. ಅಣ್ಣನ ಅಂಗೈ ತಡಕಿದರು. ಆಮೇಲೆ ಅತ್ತೆಯವರ ಹುಣಸೆ ಹತ್ತಿದ ಬೆರಳು ನೋಡಿದರು.

“ಉಡಿ ಬಿಚ್ಚಸು.”

“ಉಡಿ ತವರಾಗ ಬಿಚ್ಚೂದು,” ಎಂದರು ಅತ್ತೆಯವರು. “ಇಲ್ಲಿ ಬಿಚ್ಚಿದ್ರ ಮನಿಗೆ ಛಲೋ ಅಲ್ಲ. ತಿಳಿದವ್ರು ಅದೀರಿ.”

ಮಾವನವರು ಬಹಳ ಹೊತ್ತು ನನ್ನ ಹೊಟ್ಟೆಯ ಮುಂದಿನ ಗಂಟನ್ನು ನೋಡುತ್ತ ನಿಂತರು. ಕಿಲುಬಿನೊಳಗಿದ್ದ ರಹಸ್ಯ ಈಗ ಸೀರೆಯೊಳಗೆ ಸೇರಿತ್ತು. ಕೊನೆಗೆ ರುಮಾಲು ಸುತ್ತಿಕೊಂಡು ಬಂದು ಚಕ್ಕಡಿ ಹತ್ತಿದರು.

“ನಡೀರಿ ಬೀಗರ. ನಾನೂ ಬರ್ತೀನಿ.”

ಹೀಗೆ ನಾನು ತವರಿಗೆ ಹೊರಟೆ. ಅಣ್ಣನೊಡನೆ ಆಡಲು ವರ್ಷದ ಮಾತು ಕೂಡಿಟ್ಟಿದ್ದೆ. ಮಾವನವರ ಎದುರು ಆಡುವಂತಿಲ್ಲ. ಮುಖದ ಮುಂದೆ ಸೆರಗು ಎಳೆದುಕೊಂಡು ಕೂತೆ. ರಬಕವಿ ಬಂತೆಂದು, ಬನಹಟ್ಟಿ ಬಂತೆಂದು ಮಗ್ಗದ ಸಪ್ಪಳದಿಂದಲೇ ತಿಳಿದುಕೊಂಡೆ.

ಜಮಖಂಡಿಯಲ್ಲಿ ಅವ್ವ ಬಾಗಿಲಿಗೆ ಬಂದವಳು ನನ್ನ ಹಿಂದೆ ಇಳಿದವರನ್ನು ನೋಡಿ ತಾನೂ ಸೆರಗು ಎಳೆದುಕೊಂಡಳು. ಕಾಲಿಗೆ ನೀರು ಕೊಡುವ ಮೊದಲೇ ಉಡಿ ಬಿಚ್ಚಬೇಕಾಯಿತು. ಅಕ್ಕಿಯ ನಡುವೆ ಅದು ಕೆಂಪಗೆ ಹೊಳೆಯುತ್ತಿತ್ತು. ಮಾವನವರು ದೀಪಕ್ಕೆ ಹಿಡಿದು ಹೊರಳಿಸಿ ನೋಡಿದರು. ಅಕ್ಷರ ಪೂರ್ತಿ ಇದ್ದವು, ಇಂಗ್ಲಿಷಿನವು. ಮತ್ತೊಂದು ಬದಿಗೆ ತಕ್ಕಡಿಯ ಛಾಪು. ಕಂಪನಿಯವರ ಕಾಲದ ಪೈಸೆ. ಮುದುಕಿಯರ ಎಲೆಯಡಿಕೆ ಚೀಲದಲ್ಲಿ ಆಗಲೂ ಬೇಕಾದಷ್ಟು ಸಿಗುತ್ತಿದ್ದಂಥದು.

“ಕಾಳಿನ ವ್ಯಾಪಾರಿ ಮನ್ಯಾಗ ತಕ್ಕಡೀನs ಸಿಗಬೇಕಲ್ರಿ,” ಎಂದ ಅಣ್ಣ. ಮಾವನವರು ದುಡ್ಡನ್ನು ನನ್ನ ಅಕ್ಕಿಯ ಮೇಲೆ ತಿರುಗಿ ಇಟ್ಟರು.

ಬೆಳಿಗ್ಗೆ ಅವರು ಹೊರಟೇಹೋಗುತ್ತಾರೆಂದು ನಾನು ಆಸೆಪಟ್ಟೆ. ಆದರೆ ಹಬ್ಬಕ್ಕೆ ಬಂದ ಬೀಗರನ್ನು ಉಂಡಿ ತಿನ್ನಿಸದೆ ಕಳಿಸುವಷ್ಟು ನಮ್ಮವರು ಕೆಟ್ಟವರಲ್ಲ. ಅಪ್ಪ ಮರ್ಯಾದೆಗೆಂದು, “ನಮ್ಮ ಮನ್ಯಾಗೂ ಹಳೇ ದುಡ್ಡು ಒಂದ್ನಾಕು ಅದಾವ್ರಿ,” ಎಂದುಬಿಟ್ಟ. ಮಾವನವರ ಮುಖಕ್ಕೆ ಜೀವ ಬಂತು. ಬೇವಿನ ಗಿಡಕ್ಕೆ ಎದುರಾದ ಕಟ್ಟೆಯ ಮೇಲೆ, ಬೆಳಕು ಛಲೋ ಇದೆಯೆಂದು, ಹಬ್ಬ ಮುಗಿಯುವ ತನಕ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಟಂಕಸಾಲೆಯಿಂದ ಶುರುಮಾಡಿದರು.

ತಂಗಿಯರು ನನ್ನನ್ನು ಜೋಕಾಲಿಗೆ ಎಳೆದರು. ನಾನು ಹತ್ತಿದೆ. ಸೆರಗು ಜಾರದ ಹಾಗೆ ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಾಯಿ ತೆರೆಯದೆ, ಕಟ್ಟೆಯ ತನಕ ಹೋಗಿ ಹೋಗಿ ತಿರುಗಿ ಬಂದೆ.