ಬುಗುರಿಯ ಕೈಗೆ ಕೊಟ್ಟ ಕತ್ತಿ

ಸಲೂನಿನ ಯಜಮಾನರು ಈವರೆಗೆ ಯಾರ ಕತ್ತನ್ನೂ ಕೊಯ್ದವರಲ್ಲ, ಎರಡು ಅರ್ಥದಲ್ಲೂ. ಇವತ್ತು ಮಾತ್ರ ಸ್ವಂತ ಕತ್ತಿನ ಬಗ್ಗೆ ಅವರಿಗೆ ಅಷ್ಟು ಭರವಸೆ ಇರಲಿಲ್ಲ.

ಪಕ್ಕದ ಬೀದಿಯ ಶಾಲೆಯವರು ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇರುವ ಹುಡುಗರನ್ನು ಕೈಕೆಲಸ ಕಲಿಯಲು ಅಂಗಡಿಗಳಿಗೆ ಕಳಿಸುತ್ತಿದ್ದರು. ಯಜಮಾನರ ಪಾಲಿಗೆ ಬಂದವನು ಬುಗುರಿ. ಮೀಸೆ ಚಿಗುರುತ್ತಿರುವ ಹುಡುಗ; ನಿಂತಲ್ಲಿ ನಿಲ್ಲ, ಕೂತಲ್ಲಿ ಕೂರ, ಅಡ್ಡಹೆಸರು ಬಂದದ್ದೂ ಅದಕ್ಕೇ. ಬಾಗಿಲಲ್ಲಿ ಬೆಕ್ಕು ಹಾದರೆ ಅವನ ಕಣ್ಣು ಅದರ ಬಾಲ ಹಿಡಿದೇ ಹೊರಡುತ್ತಿತ್ತು. ಬೇಕರಿಯವನೂ ಸೈಕಲ್ ಶಾಪಿನವನೂ ಆಗಲೇ ಅವನನ್ನು ವಾಪಸ್ ಕಳಿಸಿಯಾಗಿತ್ತು. ಇಲ್ಲೂ ಆಗದಿದ್ದರೆ ಮತ್ತೆ ಶಾಲೆಯ ಬೆಂಚೇ ಗತಿ.

ಗಿಜಿಗುಡುವ ಅಂಗಡಿಯಲ್ಲೇ ಬುಗುರಿ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದಂತೆ ಕತ್ತಿಯಾಡಿಸಲು ಕಲಿತ. ಬಲೂನಿನ ನಂತರದ ಪಾಠ ಯಜಮಾನರ ಗಡ್ಡ. ಅದನ್ನು ದಾಟದೆ ಯಾರೂ ಗಿರಾಕಿಯನ್ನು ಮುಟ್ಟುವಂತಿಲ್ಲ.

“ಕಲಿಸೋಕೆ ಬೇರೆ ಕುತ್ತಿಗೆ ಸಿಗ್ಲಿಲ್ವಾ ನಿಮಗೆ?” ಎಂದಿದ್ದರು ಹೆಂಡತಿ.

“ಸಿಗುತ್ತೆ ಕಣೇ. ಅವರೆಲ್ಲ ಗಿರಾಕಿಗಳು.”

ಹುಡುಗನ ಗಮನ ಚದುರದಿರಲೆಂದು ಯಜಮಾನರು ಬಾಗಿಲು ಮುಚ್ಚಿದರು. ರೇಡಿಯೋ ಆರಿಸಿದರು, ಫ್ಯಾನನ್ನೂ ನಿಲ್ಲಿಸಿದರು. ಕುರ್ಚಿಯಲ್ಲಿ ಒರಗಿ ಗದ್ದ ಎತ್ತಿದರು. ಈಗ ಕತ್ತಿಗೂ ಕತ್ತಿಗೂ ನಡುವೆ ಇದ್ದದ್ದು ಸೋಪಿನ ನೊರೆ ಮಾತ್ರ.

ಕೆನ್ನೆ ಹೇಗೋ ಮುಗಿಯಿತು. ಗಂಟಲಿಗೆ ಬಂದಾಗ ನಲ್ಲಿ ತೊಟ್ಟಿಕ್ಕಿತು. ಬುಗುರಿಯ ಕಣ್ಣು ಅತ್ತ ಹೋಯಿತು. ಗೋಡೆಯಾಚೆ ಯಾರೋ ಕೆಮ್ಮಿದರು. ಕಣ್ಣು ಇತ್ತ ಬಂತು. ಕತ್ತಿ ಮಾತ್ರ ಇದ್ದಲ್ಲೇ ಸಣ್ಣಗೆ ನಡುಗುತ್ತಿತ್ತು. ಯಜಮಾನರಿಗೆ ಉಗುಳು ನುಂಗಬೇಕಿತ್ತು, ನುಂಗುವ ಧೈರ್ಯವಿರಲಿಲ್ಲ. ಬೈಯಲೂ ಆಗದು, ಬೈದರೆ ಗಂಟಲು ಕುಣಿಯುತ್ತದೆ. ಗಂಟಲ ಬಳಿ ಚುರ್ರೆಂದಿತು.

ಬಿಳಿ ಬಟ್ಟೆಯ ಮೇಲೊಂದು ಕೆಂಪು ಹನಿ. ಬುಗುರಿ ಕತ್ತಿ ಎತ್ತಿ ಗೋಡೆಯವರೆಗೂ ಹಿಂದೆ ಸರಿದ.

“ಇಷ್ಟು ಸದ್ದಿಲ್ದೆ ಇದ್ರೆ ನನ್ ತಲೆ ಎಲ್ಲೆಲ್ಲೋ ಸದ್ದು ಹುಡುಕ್ಕೊಂಡು ಹೋಗುತ್ತೆ ಸಾರ್. ಬಲೂನ್ ಮಾಡುವಾಗ ರೇಡಿಯೋ ಇರ್ತಿತ್ತು.”

ಯಜಮಾನರು ಮೊದಲು ಉಗುಳು ನುಂಗಿದರು. ಅಂಗಡಿಯನ್ನು ಮಸಣದಂತೆ ಮಾಡಿದ್ದು ಹುಡುಗನಿಗಾಗಿ ಅಲ್ಲ, ತಮ್ಮ ಪುಕ್ಕಲುತನಕ್ಕಾಗಿ ಎಂದು ಆಗ ಹೊಳೆಯಿತು.

“ಹಾಕು ಮತ್ತೆ.”

ರೇಡಿಯೋದಲ್ಲಿ ಯಾರೋ ಹವಾಮಾನ ಓದತೊಡಗಿದರು, ಫ್ಯಾನು ಗರಗುಟ್ಟಿತು. ಬುಗುರಿ ಗಾಯಕ್ಕೆ ರಕ್ತ ನಿಲ್ಲಿಸುವ ಪಟಿಕ ಒತ್ತಿದ, ಕತ್ತಿ ತೊಳೆದ, ಕುರ್ಚಿಯ ಪಕ್ಕ ಬಂದು ನಿಂತ. ಕೈ ಅಲುಗುತ್ತಿಲ್ಲ ಎಂದು ಯಜಮಾನರಿಗೆ ಅನ್ನಿಸಿತು. ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳುವಷ್ಟು ಎದೆ ಗಟ್ಟಿ ಇರಲಿಲ್ಲ.

“ಗದ್ದ ಎತ್ತಿ ಸಾರ್.”

ಇನ್ನೂ ಅರ್ಧ ಗಂಟಲು ಉಳಿದಿತ್ತು. ಅವರು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಗದ್ದ ಎತ್ತಿದರು.